ಸ್ಪೀಕರ್ ಬದಲಾಯಿಸಬೇಕಾ? ಮೊದಲು ಒಂದು ಭಾನುವಾರ ಮನೆಯಲ್ಲೇ ನೋಡಿ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ಸ್ಪೀಕರ್‌ಗಳು ಕೆಮ್ಮಲು ಶುರು ಮಾಡಿದವು. ಬೆಳಗ್ಗೆ ಅಪ್ಪ ವಚನ ಹಾಕಿದರೆ ಹಾಡುವವರ ಹಿಂದೆ ಯಾರೋ ಕೂತು ಹಪ್ಪಳ ಮುರಿಯುತ್ತಿರುವ ಹಾಗೆ ಸದ್ದು. ತಬಲಾದ ದಪ್ಪ ಪೆಟ್ಟು ಬಿದ್ದಾಗಲೆಲ್ಲ ಬರ್ ಅನ್ನುತ್ತಿತ್ತು. ಅಪ್ಪ ತುಮಕೂರಿನ ಹೆಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ಬೋನಸ್ ಬಂದ ವರ್ಷ ತಂದ ಜೋಡಿ ಅದು. ಮರದ ಪೆಟ್ಟಿಗೆ, ದಪ್ಪ ಸದ್ದಿಗೆ 8 ಇಂಚಿನ ವೂಫರ್, ಮೇಲೆ ತೆಳು ಸದ್ದಿಗೊಂದು ಪುಟ್ಟ ಟ್ವೀಟರ್, ಮುಂದೆ ಕಪ್ಪು ಬಟ್ಟೆ. ಜೊತೆಗೆ ಅಷ್ಟೇ ಹಳೆಯ ಆಂಪ್ಲಿಫೈಯರ್.

ಬಟವಾಡಿಯಿಂದ ಬಂದ ಭಾವ ಒಂದು ನಿಮಿಷ ಕೇಳಿದರು. "ಮಾವ, ಇದರ ಕಾಲ ಮುಗೀತು, ಹೊಸದು ತಗೊಳ್ಳಿ" ಅಂದರು. ಅಪ್ಪ ಏನೂ ಹೇಳಲಿಲ್ಲ. ನಾನು ಆ ರಾತ್ರಿಯೇ ಮೊಬೈಲಿನಲ್ಲಿ 48,000 ರೂಪಾಯಿಯ ಸೆಟ್ಟೊಂದನ್ನು ನೋಡಿಟ್ಟೆ. ಕೊನೆಗೆ ನಮಗೆ ಖರ್ಚಾದದ್ದು 1,900 ರೂಪಾಯಿ. ತಮಾಷೆ ಅಂದರೆ, ಮೂರು ತಿಂಗಳಾದ ಮೇಲೆ ಹೊಸ ಸ್ಪೀಕರ್ ಕೊಂಡವರು ಭಾವನೇ. ಅವರು ಕೊಂಡದ್ದೂ ಸರಿಯಾಗಿಯೇ ಇತ್ತು.

ಎರಡೂ ಮನೆಯಲ್ಲಿ ನಾವು ಮಾಡಿದ ಪರೀಕ್ಷೆ ಒಂದೇ. ಅದನ್ನೇ ಇಲ್ಲಿ ಬರೆದಿದ್ದೇನೆ. ಬೇಕಾಗುವ ಸಾಮಾನು ಜಾಸ್ತಿಯಿಲ್ಲ: ಟಾರ್ಚು, ಸ್ಕ್ರೂಡ್ರೈವರ್, ಒಂದು ಪೆನ್ಸಿಲ್ ಸೆಲ್ಲು, ಒಂದು ಭಾನುವಾರ.

ಹಂತ 1: ದೂರು ಏನು ಅಂತ ಒಂದು ಸಾಲು ಬರೆಯಿರಿ

"ಸೌಂಡ್ ಚೆನ್ನಾಗಿಲ್ಲ" ಅನ್ನುವುದು ದೂರಲ್ಲ. ಡಾಕ್ಟರ ಹತ್ತಿರ ಹೋಗಿ "ಮೈ ಸರಿಯಿಲ್ಲ" ಅಂದ ಹಾಗೆ ಅದು. ಎಲ್ಲಿ, ಯಾವಾಗ, ಹೇಗೆ ಅಂತ ಬರೆಯಿರಿ. ಜೋರು ಮಾಡಿದಾಗ ಮಾತ್ರ ಒಡೆಯುತ್ತದೆ. ಒಂದೇ ಕಡೆಯಿಂದ ಬರುತ್ತದೆ. ಹಾಡು ನಿಲ್ಲಿಸಿದರೂ ಗುಂಯ್ ಅನ್ನುತ್ತದೆ. ಸಿನಿಮಾದಲ್ಲಿ ಮಾತು ಅರ್ಥ ಆಗುವುದಿಲ್ಲ. ಬೇಸ್, ಅಂದರೆ ದಪ್ಪ ಸದ್ದು, ಇಲ್ಲವೇ ಇಲ್ಲ. ಒಂದೊಂದು ಸಾಲಿಗೂ ಬೇರೆ ಬೇರೆ ಮದ್ದು. ಅರ್ಧಕ್ಕರ್ಧ ಮದ್ದು ಪುಕ್ಕಟೆ.

ಮನೆಯಲ್ಲಿ ಎಲ್ಲರನ್ನೂ ಕೇಳಿ. ನಮ್ಮಮ್ಮನ ದೂರು "ವೈರು ಕಾಲಿಗೆ ಸಿಗತ್ತೆ" ಅನ್ನುವುದಾಗಿತ್ತು. ಅದನ್ನೂ ಬರೆದುಕೊಂಡೆ.

ಇನ್ನು, ದೂರೇ ಇಲ್ಲ, ಗೆಳೆಯನ ಮನೆಯಲ್ಲಿ ಒಂದು ಸೆಟ್ ಕೇಳಿ ಬಂದಾಗಿನಿಂದ ಮನಸ್ಸು ಅಲ್ಲೇ ಇದೆ ಅಂತಾದರೆ? ಅದು ಆಸೆ. ಆಸೆ ತಪ್ಪಲ್ಲ. ಆದರೆ ಆಸೆ ಅಂತಲೇ ಬರೆದುಕೊಳ್ಳಿ, ರಿಪೇರಿ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 2: ಕೆಟ್ಟಿರುವುದು ಯಾವುದು, ಹುಡುಕಿ

ಮೊದಲ ಪರೀಕ್ಷೆ ಎರಡು ನಿಮಿಷದ್ದು. ಆಂಪ್ಲಿಫೈಯರ್ ಆಫ್ ಮಾಡಿ. ಹಿಂದೆ ಎಡ ಸ್ಪೀಕರಿನ ವೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಕೆಂಪು ಕೆಂಪಿಗೇ ಇರಲಿ, ಕಪ್ಪು ಕಪ್ಪಿಗೇ ಇರಲಿ. ಮತ್ತೆ ಹಾಡು ಹಾಕಿ. ಕೆಟ್ಟ ಸದ್ದು ಮೊದಲಿದ್ದ ಪೆಟ್ಟಿಗೆಯಲ್ಲೇ ಉಳಿದರೆ ಸ್ಪೀಕರಿನ ತೊಂದರೆ. ಇನ್ನೊಂದು ಪೆಟ್ಟಿಗೆಗೆ ಹಾರಿದರೆ ಸ್ಪೀಕರ್ ಪಾಪ ಏನೂ ಮಾಡಿಲ್ಲ, ತೊಂದರೆ ಆಂಪ್ಲಿಫೈಯರಿನದು ಅಥವಾ ಅದಕ್ಕೆ ಬರುವ ವೈರಿನದು. ಇದನ್ನು ಮಾಡದೆ ಹೊಸ ಸ್ಪೀಕರ್ ತಂದು, ಅದರಲ್ಲೂ ಅದೇ ಗರಗರ ಕೇಳಿ ತಲೆ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೇನೆ.

ನಮ್ಮಲ್ಲಿ ಸದ್ದು ಎರಡೂ ಪೆಟ್ಟಿಗೆಯಲ್ಲಿತ್ತು, ಬಲಗಡೆ ಸ್ವಲ್ಪ ಜಾಸ್ತಿ. ಮುಂದಿನ ಬಟ್ಟೆ ತೆಗೆದು ಟಾರ್ಚ್ ಬಿಟ್ಟೆ. ವೂಫರಿನ ಕಾಗದದ ಕೋನ್ ಚೆನ್ನಾಗಿಯೇ ಇತ್ತು. ಅದನ್ನು ಕಬ್ಬಿಣದ ಚೌಕಟ್ಟಿಗೆ ಸೇರಿಸುವ ಫೋಮ್ ರಿಂಗ್ ಮಾತ್ರ ಬೆರಳು ತಾಗಿಸಿದ ಕೂಡಲೇ ಹಳೆಯ ರವೆ ಉಂಡೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಗೋಡೆ ಪಕ್ಕ ಇಷ್ಟು ದಿನ ಬೀಳುತ್ತಿದ್ದ ಕಂದು ಪುಡಿ ಗೆದ್ದಲಿನದು ಅಂದುಕೊಂಡು ಅಮ್ಮ ಗುಡಿಸುತ್ತಿದ್ದದ್ದು ಇದನ್ನೇ.

ಫೋಮ್ ರಿಂಗಿಗೆ ಆಯಸ್ಸು ಕಮ್ಮಿ. ಗಾಳಿ, ತೇವ, ಬಿಸಿಲು ಸೇರಿ 10-20 ವರ್ಷದಲ್ಲಿ ತಿಂದುಹಾಕುತ್ತವೆ. ಸ್ಪೀಕರ್ ಬಳಸದೆ ಅಟ್ಟದ ಮೇಲೆ ಇಟ್ಟಿದ್ದರೂ ಕೊಳೆಯುತ್ತದೆ. ರಬ್ಬರ್ ರಿಂಗ್ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಬಟ್ಟೆಯ ರಿಂಗ್ ಕೂಡ. ರಿಂಗ್ ಹೋದರೆ ಕೋನ್ ನೆಟ್ಟಗೆ ಹಿಂದೆ ಮುಂದೆ ಆಡುವ ಬದಲು ವಾರೆಯಾಗುತ್ತದೆ, ಅದರ ಹಿಂದೆ ಅಂಟಿರುವ ತಂತಿಯ ಸುರುಳಿ, ಅಂದರೆ ಕಾಯಿಲ್, ಮ್ಯಾಗ್ನೆಟ್ಟಿಗೆ ತಿಕ್ಕುತ್ತದೆ. ಹಪ್ಪಳದ ಸದ್ದು ಅದೇ. ಹಾಗೇ ಬಳಸುತ್ತಾ ಹೋದರೆ ಕಾಯಿಲ್ ಸವೆದು ಸ್ಪೀಕರ್ ನಿಜವಾಗಿಯೂ ಸಾಯುತ್ತದೆ. ಆದ್ದರಿಂದ ರಿಂಗ್ ಬಿಟ್ಟಿದೆ ಅಂತ ಕಂಡ ದಿನವೇ ಹಾಕುವುದನ್ನು ನಿಲ್ಲಿಸಿ.

ಕಾಯಿಲ್ ಉಳಿದಿದೆಯಾ ಅಂತ ನೋಡುವುದು ಸುಲಭ. ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು, ಮೆಲ್ಲಗೆ, ಅರ್ಧ ಸೆಂಟಿಮೀಟರ್ ಒತ್ತಿ ಬಿಡಿ. ಮೆತ್ತಗೆ ಹೋಗಿ ಬಂದರೆ ಸರಿ. ಮರಳು ಕಾಗದ ಉಜ್ಜಿದ ಹಾಗೆ ಸದ್ದು ಬಂದರೆ ಒಳಗೆ ತಿಕ್ಕುತ್ತಿದೆ. ಮಲ್ಟಿಮೀಟರ್ ಇದ್ದರೆ ವೈರು ಬಿಚ್ಚಿ ಟರ್ಮಿನಲ್‌ಗೆ ಹಿಡಿಯಿರಿ. 8 ಓಮ್ ಅಂತ ಬರೆದ ಸ್ಪೀಕರ್ ಸುಮಾರು 6 ಓಮ್ ತೋರಿಸುತ್ತದೆ, ಅದು ಸರಿಯೇ. ಏನೂ ತೋರಿಸದಿದ್ದರೆ ವೂಫರಿನ ಕಾಯಿಲ್ ಸುಟ್ಟಿರಬಹುದು ಅಥವಾ ಒಳಗೆ ವೈರು ಬಿಟ್ಟಿರಬಹುದು. ಟ್ವೀಟರಿಗೆ ಕಿವಿಯೇ ಸಾಕು. ಖಾಲಿ ಕಾಗದ ಸುರುಳಿ ಸುತ್ತಿ ಕಿವಿಗೂ ಟ್ವೀಟರಿಗೂ ನಡುವೆ ಹಿಡಿಯಿರಿ. ತಾಳದ ಚಿಣಿಚಿಣಿ ಕೇಳಿಸದಿದ್ದರೆ ಟ್ವೀಟರ್ ಮಲಗಿದೆ.

ರಿಂಗ್ ಹಾಕಿಸುವುದು ಎಲ್ಲಿ? ಟಿವಿ ರಿಪೇರಿ ಅಂಗಡಿಗಿಂತ ಮೈಕ್ ಸೆಟ್ ರಿಪೇರಿ ಮಾಡುವವರೇ ವಾಸಿ. ಜಾತ್ರೆ, ಮದುವೆ, ಚುನಾವಣೆ ಅಂತ ಅವರ ಹತ್ತಿರ ಕೋನ್ ಹರಿದ ಸ್ಪೀಕರ್ ವರ್ಷವಿಡೀ ಬರುತ್ತವೆ. ನಮ್ಮದನ್ನು ಮಂಡಿಪೇಟೆ ಕಡೆಯ ಒಂದು ಪುಟ್ಟ ಅಂಗಡಿಗೆ ಒಯ್ದೆವು. ಅಪ್ಪ ಸ್ಟೂಲು ಎಳೆದುಕೊಂಡು ಎದುರೇ ಕೂತರು. ಅಂಗಡಿಯವರು ಹಳೆಯ ಅಂಟನ್ನು ಥಿನ್ನರ್ ಸವರಿ ಕೆರೆದು ತೆಗೆದರು. ಕೋನಿನ ನಡುವಿನ ಟೋಪಿಯನ್ನು ಬ್ಲೇಡಿನಲ್ಲಿ ಬಿಡಿಸಿದರು. ಆಮೇಲೆ ಹಳೆಯ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿದ ನಾಲ್ಕು ಸಣ್ಣ ಪಟ್ಟಿಗಳನ್ನು ಕಾಯಿಲ್ ಸುತ್ತ ತೂರಿಸಿದರು. ಕಾಯಿಲ್ ನಟ್ಟ ನಡುವೆ ನಿಲ್ಲಲಿ ಅಂತ. ಆ ಸಂದಿ ಒಂದು ಮಿಲಿಮೀಟರೂ ಇರುವುದಿಲ್ಲ. ಜೀವನವಿಡೀ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ವಾಚಿನ ಗಾಲಿ ಕೂರಿಸಿದ ಅಪ್ಪನಿಗೆ ಇದಕ್ಕಿಂತ ಸಂತೋಷ ಇನ್ನೇನು ಬೇಕು! ಹೊಸ ರಿಂಗ್ ಅಂಟಿಸಿ ಒಂದು ದಿನ ಒಣಗಲು ಬಿಟ್ಟರು. ಎರಡಕ್ಕೂ ಸೇರಿ 1,500 ತಗೊಂಡರು.

ಒಂದು ಮಾತು: ಒಂದೇ ರಿಂಗ್ ಹರಿದಿದ್ದರೂ ಎರಡನ್ನೂ ಒಟ್ಟಿಗೆ ಹಾಕಿಸಿ. ಚಪ್ಪಲಿ ಇದ್ದ ಹಾಗೆ, ಎರಡೂ ಕಾಲಿಗೆ ಒಂದೇ ಸವೆತ ಇರಬೇಕು.

ಸ್ಪೀಕರ್ ಮನೆಗೆ ಬಂತು. ಗರಗರ ಹೋಯಿತು. ಆದರೂ ಬೇಸ್ ಸಪ್ಪೆ. ಆಗ ಪೆನ್ಸಿಲ್ ಸೆಲ್ಲಿನ ಪರೀಕ್ಷೆ ಮಾಡಿದೆ. ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಕೆಂಪಿನ ತುದಿಯನ್ನು ಸೆಲ್ಲಿನ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಬೇಕು. ತಾಗಿಸಿ ಬಿಡಬೇಕು, ಹಿಡಿದುಕೊಂಡು ಕೂರಬಾರದು. ಟಕ್ ಅಂತ ಕೋನ್ ಮುಂದೆ ಬಂದರೆ ಸರಿ. ಎರಡೂ ಸ್ಪೀಕರ್ ಒಂದೇ ಕಡೆ ಆಡಬೇಕು. ನಮ್ಮ ಎಡದ್ದು ಮುಂದೆ ಬಂತು, ಬಲದ್ದು ಒಳಗೆ ಹೋಯಿತು. ಎರಡು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸಿದಾಗ ವೈರು ಬಿಚ್ಚಿ ಮತ್ತೆ ಹಾಕಿದ್ದು ನಾನೇ. ಒಂದು ಕಡೆ ಉಲ್ಟಾ ಹಾಕಿದ್ದೆ.

ಹೀಗಾದರೆ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ದಪ್ಪ ಸದ್ದು ಒಂದನ್ನೊಂದು ತಿಂದುಹಾಕುತ್ತದೆ. ಹಾಡುವವರು ಎದುರಿಗೆ ಕೂತಂತೆ ಕೇಳುವ ಬದಲು ದನಿ ಕೋಣೆಯೆಲ್ಲ ಚೆಲ್ಲಿದ ಹಾಗಿರುತ್ತದೆ. ಎರಡು ವರ್ಷ ಹಾಗೇ ಕೇಳಿದ್ದೇವೆ! ವೈರು ಅದಲು ಬದಲು ಮಾಡಿ ಹಾಡು ಹಾಕಿದೆ. ಅಪ್ಪ ಪೇಪರಿನಿಂದ ತಲೆ ಎತ್ತಿ, "ಈಗ ಮೃದಂಗ ಬಂತು ನೋಡು" ಅಂದರು.

ಉಳಿದವು ಸಣ್ಣ ಪುಟ್ಟವು. ವಾಲ್ಯೂಮ್ ನಾಬ್ ತಿರುಗಿಸುವಾಗ ಚರಚರ ಅಂದರೆ ಒಳಗೆ ಧೂಳು ಕೂತಿದೆ. ಪವರ್ ಆಫ್ ಮಾಡಿ ನಾಬನ್ನು ಇಪ್ಪತ್ತು ಮೂವತ್ತು ಸಲ ಪೂರ್ತಿ ತಿರುಗಿಸಿದರೆ ಎಷ್ಟೋ ಸಲ ಹೋಗುತ್ತದೆ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ತೆಂಗಿನೆಣ್ಣೆ ಬಿಡಬೇಡಿ, ಬಿಟ್ಟವರಿದ್ದಾರೆ. ಸುಮ್ನಿದ್ದಾಗ ಗುಂಯ್ ಅನ್ನುತ್ತಿದ್ದರೆ ಟಿವಿ ಬಾಕ್ಸ್‌ನಿಂದ ಬರುವ ವೈರು ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗ್ ತೊಂದರೆ, ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಗುಂಯ್ ಅಂದರೆ ನಿಮ್ಮದು ಸ್ಕ್ವೇರ್ ವೇವ್, ಅಂದರೆ ಒರಟು ಕರೆಂಟ್ ಕೊಡುವ, ಯುಪಿಎಸ್ ಇರಬೇಕು. ಸ್ಪೀಕರ್ ಬದಲಾಯಿಸಿದರೆ ಅದು ಹೋಗುವುದಿಲ್ಲ.

ಹಂತ 3: ಸ್ಪೀಕರನ್ನು ಶೋಕೇಸಿನಿಂದ ಕೆಳಗಿಳಿಸಿ

ನಮ್ಮ ಕಡೆ ಹೊಸ ಮನೆ ಕಟ್ಟಿದರೆ ಬಡಗಿ ಟಿವಿ ಯೂನಿಟ್ ಮಾಡುವಾಗಲೇ ಎರಡು ಕಡೆ ಸ್ಪೀಕರಿಗೆ ಗೂಡು ಬಿಡುತ್ತಾನೆ. ನೋಡಲು ಲಕ್ಷಣ. ಕೇಳಲು ಅಲ್ಲ. ಗೂಡಿನೊಳಗೆ ಬೇಸ್ ಗುಬುಗುಬು ಅನ್ನುತ್ತದೆ, ಟ್ವೀಟರಿನ ಸದ್ದು ಹಲಗೆಗೆ ಬಡಿದು ಬರುತ್ತದೆ. ಇನ್ನು ಕೆಲವರ ಮನೆಯಲ್ಲಿ ಸ್ಪೀಕರ್ ಸಜ್ಜೆಯ ಮೇಲೆ, ಸೂರಿಗೆ ಹತ್ತಿರ ಇರುತ್ತದೆ. ಅದನ್ನು ಕೇಳುವುದು ಹಲ್ಲಿಗಳು ಮಾತ್ರ.

ನಮ್ಮಲ್ಲೂ ಶೋಕೇಸೇ. ಜೋರು ಮಾಡಿದರೆ ಜರ್ ಅಂತ ಬರುತ್ತಿದ್ದ ಇನ್ನೊಂದು ಸದ್ದಿಗೆ ಸ್ಪೀಕರನ್ನೇ ಬೈಯುತ್ತಿದ್ದೆ. ಹಾಡು ಹಾಕಿ ಒಂದೊಂದೇ ಸಾಮಾನಿನ ಮೇಲೆ ಕೈ ಇಡುತ್ತಾ ಹೋದೆ. ದಸರಾ ಗೊಂಬೆಗಳ ಸಾಲಿನಲ್ಲಿದ್ದ ಹಿತ್ತಾಳೆಯ ನಂದಿ ಗಾಜಿನ ಬಾಗಿಲಿಗೆ ಒರಗಿ ನಡುಗುತ್ತಿತ್ತು. ಎರಡಂಗುಲ ಹಿಂದೆ ಸರಿಸಿದೆ, ಸದ್ದು ನಿಂತಿತು.

ಸ್ಪೀಕರ್ ಎಲ್ಲಿಡಬೇಕು? ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ, ಮೂರೂ ಸೇರಿ ಹೆಚ್ಚು ಕಡಿಮೆ ಸಮ ತ್ರಿಕೋನ ಆಗಬೇಕು. ಸ್ಪೀಕರ್‌ಗಳ ನಡುವೆ 6 ಅಡಿ ಇದ್ದರೆ ನೀವೂ ಸುಮಾರು 6-7 ಅಡಿ ದೂರ ಕೂರಿ. ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಸ್ಟೂಲು ಸಾಕು. ಮೂಲೆಗೆ ತಳ್ಳಬೇಡಿ, ಮೂಲೆ ಬೇಸನ್ನು ಊದಿಸುತ್ತದೆ. ಹಿಂದಿನ ಗೋಡೆಯಿಂದ ಒಂದಡಿಯಾದರೂ ಬಿಡಿ. ಬೇಸ್ ಕಮ್ಮಿ ಅನ್ನಿಸಿದರೆ ಗೋಡೆಗೆ ಸ್ವಲ್ಪ ಹತ್ತಿರ ಮಾಡಿ, ಜಾಸ್ತಿ ಅನ್ನಿಸಿದರೆ ದೂರ. ಅಂಗುಲ ಅಂಗುಲವಾಗಿ ಸರಿಸಿ. ಇದರಷ್ಟು ಅಗ್ಗದ ಟೋನ್ ಕಂಟ್ರೋಲ್ ಇನ್ನೊಂದಿಲ್ಲ.

ಆಮೇಲೆ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟಪ್ ಅಂತ ಅಲ್ಲೇ ಮುಗಿದರೆ ಕೋಣೆ ಪರವಾಗಿಲ್ಲ. ಟರ್‍ರ್ ಅಂತ ಗೋಡೆಯಿಂದ ಗೋಡೆಗೆ ಓಡಿದರೆ ಕೋಣೆಯೇ ಹಾಡುತ್ತಿದೆ. ಹಳೆಯ ಮಂಗಳೂರು ಹೆಂಚಿನ ಮನೆಗಳಲ್ಲಿ ಈ ಕಾಟ ಕಮ್ಮಿ. ಓರೆ ಸೂರು, ಮರದ ತೊಲೆ, ಸಂದುಗೊಂದು ಸದ್ದನ್ನು ಚದುರಿಸುತ್ತವೆ. ಈಗಿನ ಆರ್‌ಸಿಸಿ ಮನೆಯಲ್ಲಿ ಕೆಳಗೆ ಟೈಲ್ಸು, ಮೇಲೆ ಚಪ್ಪಟೆ ಸೂರು, ನಾಲ್ಕು ಕಡೆ ನುಣ್ಣನೆ ಪುಟ್ಟಿ. ಮಾತು ಅರ್ಥ ಆಗುವುದಿಲ್ಲ ಅನ್ನುವ ದೂರು ಅರ್ಧ ಇಲ್ಲಿಂದಲೇ ಹುಟ್ಟುವುದು. ನೀವು ಕೂರುವ ಜಾಗಕ್ಕೂ ಸ್ಪೀಕರಿಗೂ ನಡುವೆ ನೆಲದ ಮೇಲೆ ದಪ್ಪ ಜಮಖಾನ ಹಾಸಿ. ಕಿಟಕಿಗೆ ತೆಳು ಕರ್ಟನ್ ಬದಲು ದಪ್ಪ ಬಟ್ಟೆ. ತುಂಬಿದ ಪುಸ್ತಕದ ಕಪಾಟು ಇದ್ದರೆ ಇನ್ನೂ ಒಳ್ಳೆಯದು. ಪಕ್ಕದ ಗೋಡೆಯಲ್ಲಿ ಎಲ್ಲಿ ಬಟ್ಟೆ ಬೇಕು ಅಂತ ತಿಳಿಯಲು ಕನ್ನಡಿ ಸಾಕು. ನೀವು ಕೂತಿರಿ, ಇನ್ನೊಬ್ಬರು ಗೋಡೆ ಮೇಲೆ ಕನ್ನಡಿ ಜರುಗಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆಯೇ ಸದ್ದು ಬಡಿದು ಬರುವ ಜಾಗ.

ಬೇಸ್ ವಿಷಯದಲ್ಲಿ ಕೋಣೆಯ ಅಳತೆಯೂ ಆಟ ಆಡುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಜ್ (ಸೆಕೆಂಡಿಗೆ 47 ಸಲ ಅದುರುವ) ಆಸುಪಾಸಿನ ದಪ್ಪ ಸದ್ದು ಎರಡು ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತದೆ. ಗೋಡೆ ಪಕ್ಕ ಕಿವಿಗಡಚಿಕ್ಕುತ್ತದೆ, ಕೋಣೆಯ ನಡುವೆ ಮಾಯವಾಗುತ್ತದೆ. ಬೇಸ್ ಇರುವ ಹಾಡು ಹಾಕಿ ಕೋಣೆಯಲ್ಲಿ ಓಡಾಡಿ ನೋಡಿ, ನಿಮಗೇ ಗೊತ್ತಾಗುತ್ತದೆ. ಸೋಫಾ ಒಂದಡಿ ಸರಿಸಿದ್ದರಿಂದ ಸಬ್‌ವೂಫರ್ ಖರ್ಚು ಉಳಿದದ್ದೂ ಇದೆ.

ಹಂತ 4: ಹಾಡು ಎಲ್ಲಿಂದ ಬರುತ್ತಿದೆ, ಕೇಳುವ ಕಿವಿ ಹೇಗಿದೆ

ಹಾಡಿನ ಮೂಲ ಬೇಗ ನೋಡಿ ಮುಗಿಸಿ. ಯಾರೋ ಕಳಿಸಿದ, ಹತ್ತು ಕೈ ದಾಟಿದ ಎಂಪಿ3 ಹಾಕಿ ಸ್ಪೀಕರನ್ನು ಅಳೆಯಬೇಡಿ. ಒಂದು ಒಳ್ಳೆಯ ಸಿಡಿ ಅಥವಾ ಹಾಡಿನ ಆ್ಯಪಿನಲ್ಲಿ ಅತಿ ಹೆಚ್ಚು ಗುಣಮಟ್ಟದ ಸೆಟ್ಟಿಂಗ್ ಇಟ್ಟು, ವೈರಿನಿಂದ ಜೋಡಿಸಿ ಕೇಳಿ. ಮೊಬೈಲಿನ ಈಕ್ವಲೈಜರ್ ಆಫ್ ಇರಲಿ. ಸ್ಪೀಕರ್ ವೈರಿಗೆ ದುಡ್ಡು ಸುರಿಯಬೇಡಿ. ಮನೆ ವೈರಿಂಗಿಗೆ ಬಳಸುವ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು 15 ಅಡಿಗೆ ಧಾರಾಳ ಸಾಕು. ನಮ್ಮ ಖರ್ಚಿನ ಉಳಿದ 400 ರೂಪಾಯಿ ಹೋದದ್ದು ಈ ವೈರಿಗೆ ಮತ್ತು ಅದನ್ನು ಗೋಡೆ ಅಂಚಿಗೆ ಕೂರಿಸುವ ಪಟ್ಟಿಗೆ. ಅಮ್ಮನ ದೂರು ಅಲ್ಲಿಗೆ ತೀರಿತು.

ಕಿವಿಯ ಮಾತು ಸ್ವಲ್ಪ ಸೂಕ್ಷ್ಮ. ಅಪ್ಪನಿಗೆ 74. ಎಲ್ಲ ಸರಿಯಾದ ಮೇಲೂ ಅವರು ತೆಳು ಸದ್ದು ಏರಿಸುವ ಟ್ರೆಬಲ್ ನಾಬನ್ನು ಪೂರ್ತಿ ತಿರುಗಿಸಿ ಇಡುತ್ತಿದ್ದರು. ನಮಗೆಲ್ಲ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು, ಅವರಿಗೆ ಅದೇ ಹಿತ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಜ್ ತನಕ ಕೇಳುತ್ತದೆ ಅನ್ನುವುದು ಎಳೆಯ ವಯಸ್ಸಿನ ಲೆಕ್ಕ. ವಯಸ್ಸಾದಂತೆ ಮೇಲಿನ ಸದ್ದುಗಳು ಮೊದಲು ಜಾರುತ್ತವೆ. ಸ, ಶ, ತ, ಫ ತರದ ಅಕ್ಷರಗಳ ತುದಿ ಇರುವುದು ಅಲ್ಲೇ. ಆದ್ದರಿಂದ ಸದ್ದು ಕೇಳುತ್ತದೆ, ಮಾತು ಅರ್ಥ ಆಗುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಮಾತ್ರ ಸೌಂಡ್ ಮಂಕು ಅನ್ನಿಸುತ್ತಿದ್ದರೆ ಸ್ಪೀಕರ್ ಅಂಗಡಿಗಿಂತ ಮೊದಲು ಕಿವಿ ಡಾಕ್ಟರ ಹತ್ತಿರ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ. ಅಪ್ಪ ಒಪ್ಪಲು ಎರಡು ವಾರ ಬೇಕಾಯಿತು. ರಿಪೋರ್ಟಿನ ಗೆರೆ ಬಲಗಡೆಗೆ ಹೋಗುತ್ತಾ ದೇವರಾಯನದುರ್ಗದ ಇಳಿಜಾರಿನ ಹಾಗಿತ್ತು. ಈಗ ಅವರ ಕುರ್ಚಿಯನ್ನು ಸ್ಪೀಕರಿಗೆ ನಾಲ್ಕಡಿ ಹತ್ತಿರ ಹಾಕಿದ್ದೇವೆ. ಟ್ರೆಬಲ್ ನಡುವಿಗೆ ಬಂದಿದೆ.

ಹಂತ 5: ಈಗ ನಿರ್ಧಾರ

ಇಷ್ಟೆಲ್ಲ ಮಾಡಿದ ಮೇಲೆ ಮೊದಲು ಬರೆದ ಚೀಟಿ ತೆಗೆಯಿರಿ. ದೂರು ಹೋಗಿದ್ದರೆ ಮುಗಿಯಿತು. ಉಳಿದಿದ್ದರೆ ಬದಲಾಯಿಸುವ ಮಾತು ಎತ್ತಬಹುದು.

ಕೆಲವು ಸಂದರ್ಭದಲ್ಲಿ ನಾನು ಹಿಂದೆ ಮುಂದೆ ನೋಡದೆ ಬದಲಾಯಿಸಿ ಅನ್ನುತ್ತೇನೆ. ಪೆಟ್ಟಿಗೆಯ ಹಲಗೆ ನೀರು ಕುಡಿದು ಉಬ್ಬಿ ಬಾಯಿ ಬಿಟ್ಟಿದ್ದರೆ. ಗೆದ್ದಲು ಹಿಡಿದಿದ್ದರೆ. ಟ್ವೀಟರ್ ಸುಟ್ಟು, ಅದೇ ತರದ್ದು ಎಲ್ಲೂ ಸಿಗದಿದ್ದರೆ. ಸಿಕ್ಕಿದ್ದನ್ನು ತಂದು ಕೂರಿಸಿದರೆ ಎರಡು ಕಡೆ ಎರಡು ದನಿ ಆಗುತ್ತದೆ. ರಿಪೇರಿ ಖರ್ಚು ಅದೇ ದರ್ಜೆಯ ಹೊಸದರ ಅರ್ಧ ದಾಟಿದರೂ ನಾನು ಕೈ ಬಿಡುತ್ತೇನೆ. ಅಪ್ಪ ಬಿಡುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ಕಾರಣ ಭಾವನ ಮನೆಯದು. ಅವರು ಹೊಸದಾಗಿ ಕಟ್ಟಿಸಿದ ಮನೆಯಲ್ಲಿ ಹಾಲ್ ಮತ್ತು ಊಟದ ಜಾಗ ಒಂದೇ, 14 ಅಡಿಗೆ 24 ಅಡಿ. ಅಲ್ಲಿ ಹಾಕಿದ್ದು ಹಳೆಯ ಬಾಡಿಗೆ ಮನೆಯ ಕಂಪ್ಯೂಟರ್ ಟೇಬಲ್ಲಿನ ಮೇಲಿದ್ದ 2.1 ಸೆಟ್. ಕೈಯಗಲದ ಎರಡು ಪೆಟ್ಟಿಗೆ, ಅದರೊಳಗೆ 3 ಇಂಚಿನ ಕೋನ್, ಮೂಲೆಯಲ್ಲೊಂದು ಸಬ್‌ವೂಫರ್. ಅವರ ಚೀಟಿಯಲ್ಲಿ "ಗಂಡಸರ ದನಿ ತೆಳ್ಳಗೆ ಕೇಳುತ್ತದೆ, ಜೋರು ಮಾಡಿದರೆ ಒಡೆಯುತ್ತದೆ" ಅಂತಿತ್ತು. ಎಲ್ಲ ಹಂತ ಮಾಡಿದೆವು. ಯಾವುದೂ ಕೆಟ್ಟಿರಲಿಲ್ಲ. ಜಾಗ ಬದಲಾಯಿಸಿದಾಗ ಸ್ವಲ್ಪ ಸುಧಾರಿಸಿತು, ಅಷ್ಟೇ. ಅಷ್ಟು ಸಣ್ಣ ಕೋನ್ ಅಷ್ಟು ದೊಡ್ಡ ಜಾಗದ ಗಾಳಿಯನ್ನು ಅಲ್ಲಾಡಿಸಲು ಆಗುವುದಿಲ್ಲ. ದನಿಯ ಕೆಳಭಾಗ ಮೂಲೆಯ ಸಬ್‌ವೂಫರಿನಿಂದ, ಮೇಲ್ಭಾಗ ಟಿವಿ ಪಕ್ಕದಿಂದ, ಒಬ್ಬ ಗಾಯಕರೇ ಎರಡು ಕಡೆ ಕೂತ ಹಾಗೆ. ಅದು ರಿಪೇರಿಗೆ ಬಗ್ಗುವ ತೊಂದರೆ ಅಲ್ಲ.

ಹಂತ 6: ಕೊಳ್ಳುವುದಾದರೆ ಯಾವುದನ್ನು ಮೊದಲು

ಸ್ಪೀಕರ್ ಮೊದಲು. ಆಂಪ್ಲಿಫೈಯರ್ ಕೆಟ್ಟಿಲ್ಲದಿದ್ದರೆ ಅದರ ಮೇಲೆ ಹಾಕುವ ದುಡ್ಡು ಕೊನೆಯದಾಗಿರಲಿ. ಎಸ್‌ಐಟಿ ಕಾಲೇಜಿನ ಹತ್ತಿರ ಇರುವ ಗೆಳೆಯನೊಬ್ಬ ತನ್ನ ದುಬಾರಿ ಆಂಪ್ಲಿಫೈಯರನ್ನು ವಾರಕ್ಕೆ ಕೊಟ್ಟಿದ್ದ. ಎರಡನ್ನೂ ಹಾಸಿಗೆ ಬಟ್ಟೆಯ ಹಿಂದೆ ಇಟ್ಟು, ಮಲ್ಟಿಮೀಟರಿನಲ್ಲಿ ಎರಡರ ಮಟ್ಟ ಸಮ ಮಾಡಿ, ನಮ್ಮವಳು ವೈರು ಬದಲಾಯಿಸುತ್ತಾ ಹೋದಳು. ಯಾವುದು ಅಂತ ನಾನು ಹೇಳಬೇಕು. ಹತ್ತರಲ್ಲಿ ಆರು ಸರಿ ಹೇಳಿದೆ. ಬೀಗಿದೆ ಕೂಡ. ಆಮೇಲೆ ಲೆಕ್ಕ ಹಾಕಿದರೆ, ನಾಣ್ಯ ಚಿಮ್ಮಿ ಹೇಳಿದ್ದರೂ ಹತ್ತರಲ್ಲಿ ಆರು ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 38. ಒಂಬತ್ತು ಅಥವಾ ಹತ್ತು ಸರಿ ಹೇಳಿದ್ದರೆ ಮಾತು ಬೇರೆ, ಊಹೆಯಲ್ಲಿ ಅದು ನೂರಕ್ಕೆ ಒಂದು ಸಲ. ಅದೇ ಸ್ಪೀಕರ್ ಬದಲಾದರೆ ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಗೊತ್ತಾಗುತ್ತದೆ.

ವ್ಯಾಟ್ ನೋಡಿ ಮರುಳಾಗಬೇಡಿ. 60 ವ್ಯಾಟಿನಿಂದ 120ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್, ಅಂದರೆ "ಸ್ವಲ್ಪ ಜೋರಾಯಿತು" ಅನ್ನುವಷ್ಟು. ಸದ್ದು ಎರಡರಷ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್. ಇನ್ನು ಕ್ಷಣಮಾತ್ರದ ಗರಿಷ್ಠ ವ್ಯಾಟ್ ಅಂತ ಹೇಳಿಕೊಳ್ಳುವ ಪಿಎಂಪಿಒ ಅನ್ನುವುದು ಬರೀ ಬೊಗಳೆ. ಡಬ್ಬದ ಮುಂದೆ 2,000 ವ್ಯಾಟ್ ಅಂತ ಇರುತ್ತದೆ. ತಿರುಗಿಸಿ ಹಿಂದಿನ ಚೀಟಿ ಓದಿ: 230 ವೋಲ್ಟ್, 50 ಹರ್ಟ್ಜ್, 40 ವ್ಯಾಟ್. ಗೋಡೆಯಿಂದ ಎಳೆದುಕೊಳ್ಳುವುದೇ 40 ವ್ಯಾಟ್. ಒಂದು ಬಿಂದಿಗೆ ನೀರು ಹಾಕಿದ ತೊಟ್ಟಿಯಿಂದ ಐವತ್ತು ಬಿಂದಿಗೆ ಮೊಗೆಯಲು ಆಗುತ್ತದಾ? ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡಬಲ್ಲ ವ್ಯಾಟ್, ಅಂತ ಬರೆದದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಿಂದ ಅಳೆದರೆ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಅಂಕಿ ಅದು. 85 ಇರುವ ಸ್ಪೀಕರಿಗೆ 91 ಇರುವುದರಷ್ಟು ಜೋರು ಬರಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕು. ಹಳೆಯ ಆಂಪ್ಲಿಫೈಯರ್ ಉಳಿಸಿಕೊಳ್ಳುವವರು ಇದನ್ನು ನೋಡಲೇಬೇಕು. ಓಮ್ ಕೂಡ ನೋಡಿ. ಆಂಪ್ಲಿಫೈಯರಿನ ಹಿಂದೆ 8 ಓಮ್ ಅಂತ ಮಾತ್ರ ಬರೆದಿದ್ದರೆ 4 ಓಮ್ ಸ್ಪೀಕರ್ ಹಾಕಬೇಡಿ, ಬಿಸಿಯಾಗಿ ಕೂರುತ್ತದೆ.

ಸೌಂಡ್‌ಬಾರ್ ಬೇಡವಾ ಅಂತ ಕೇಳುತ್ತೀರಿ. ಟಿವಿಯ ಮಾತು ಸ್ಪಷ್ಟ ಕೇಳಿದರೆ ಸಾಕು ಅನ್ನುವವರಿಗೆ ಒಳ್ಳೆಯದೇ. ಹಾಡು ಕೇಳಲು ನನಗೆ ಹಿಡಿಸುವುದಿಲ್ಲ. ಮೂರಡಿ ಕೋಲಿನಲ್ಲಿ ಎಡ ಬಲ ಎಷ್ಟು ದೂರ ಹೋದಾವು?

ಹಂತ 7: ಕೇಳಿ, ಆಮೇಲೆ ಕೊಳ್ಳಿ

ಬೆಂಗಳೂರಿನ ದೊಡ್ಡ ಅಂಗಡಿಗಳು ನಮಗೆ 70 ಕಿಲೋಮೀಟರ್ ಅಷ್ಟೇ. ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮೂರು ಅಂಗಡಿ ನೋಡಬಹುದು. ನಿಮಗೆ ಬಾಯಿಪಾಠ ಆಗಿರುವ ನಾಲ್ಕೈದು ಹಾಡು ಒಯ್ಯಿರಿ. ಒಂದು ಬರೀ ದನಿ ಮತ್ತು ತಂಬೂರಿ, ಒಂದರಲ್ಲಿ ಮೃದಂಗವೋ ತಬಲಾವೋ ಚೆನ್ನಾಗಿರಲಿ, ಒಂದು ಹಳೆಯ ಸಿನಿಮಾ ಹಾಡು, ಒಂದು ಬರೀ ಮಾತು. ಅಂಗಡಿಯವರು ಹಾಕುವ ಗಾಜು ಒಡೆಯುವ, ಹೆಲಿಕಾಪ್ಟರ್ ಹಾರುವ ತುಣುಕುಗಳಿಂದ ಏನೂ ಗೊತ್ತಾಗುವುದಿಲ್ಲ. ಹೆಲಿಕಾಪ್ಟರ್ ಮನೆಯಲ್ಲಿ ಎಷ್ಟು ಸಲ ಕೇಳುತ್ತೀರಿ? ಬೇಸ್ ಬೂಸ್ಟ್, ಲೌಡ್‌ನೆಸ್ ಬಟನ್ ಆಫ್ ಮಾಡಿಸಿ.

ಎರಡು ಜೋಡಿ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ. ಒಂದಿಷ್ಟು ಜೋರಾಗಿರುವುದು ಯಾವಾಗಲೂ "ಚೆನ್ನಾಗಿದೆ" ಅನ್ನಿಸುತ್ತದೆ, ಇದು ಕಿವಿಯ ಸ್ವಭಾವ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಇಟ್ಟುಕೊಂಡು ಅಲ್ಲೇ ಸರಿ ಮಾಡಿಸಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ದುಡ್ಡು ನಿಮ್ಮದು ಅಲ್ವಾ. ಮೊದಲ ಹತ್ತು ನಿಮಿಷ ಥಳಥಳ ಅನ್ನಿಸುವ ಸ್ಪೀಕರ್ ಒಂದು ಗಂಟೆಗೆ ತಲೆನೋವು ತರುವುದುಂಟು. ಕೂತು ಕೇಳಿ.

ಭಾವ ಮನೆಯಲ್ಲಿ ಹಾಕಿ ನೋಡಲು ಕೊಡುವ ಅಂಗಡಿ ಸಿಗುವ ತನಕ ಕೊಳ್ಳಲಿಲ್ಲ. ಅಂಗಡಿಯ ಕೋಣೆಯಲ್ಲಿ ಅವರಿಗೆ ಹಿಡಿಸಿದ್ದು ಎದೆಯೆತ್ತರದ ಕಂಬದ ಸ್ಪೀಕರ್. ಮನೆಗೆ ತಂದರೆ ಬೇಸ್ ಊದಿಕೊಂಡಿತು, ಪಕ್ಕದ ಮನೆಯವರು ಎರಡನೇ ದಿನವೇ ಕಾಂಪೌಂಡಿನಿಂದ ಇಣುಕಿದರು. ವಾಪಸ್ ಕೊಟ್ಟು, ಆರೂವರೆ ಇಂಚಿನ ವೂಫರ್ ಇರುವ ಸಣ್ಣ ಜೋಡಿ ಮತ್ತು ಒಂದು ಸಾಧಾರಣ ಆಂಪ್ಲಿಫೈಯರ್ ತಂದರು, ಒಟ್ಟು 36,000. ಅಕ್ಕನಿಗೆ ಸ್ಟ್ಯಾಂಡ್ ಮಾತ್ರ ಇಷ್ಟವಾಗಿಲ್ಲ.

ಬಂದ ಮೇಲೆ ಥರ್ಮಾಕೋಲ್, ಡಬ್ಬ ಎಸೆಯಬೇಡಿ, ವಾರಂಟಿ ಮುಗಿಯುವ ತನಕವಾದರೂ ಅಟ್ಟದ ಮೇಲಿರಲಿ. ಬಿಲ್ಲಿನ ಫೋಟೋ ಅವತ್ತೇ ತೆಗೆದಿಡಿ. ನುಣುಪು ಕಾಗದದ ಬಿಲ್ಲು ಆರು ತಿಂಗಳಿಗೆ ಬಿಳಿ ಹಾಳೆಯಾಗುತ್ತದೆ. ಹಳೆಯ ಸೆಟ್ಟನ್ನು ಕಸದ ಗಾಡಿಗೆ ಹಾಕಬೇಡಿ. ಭಾವನ 2.1 ಸೆಟ್ ಈಗ ಅವರ ಮಗಳ ಓದುವ ಮೇಜಿನ ಮೇಲಿದೆ, ಅಲ್ಲಿ ಅದರ ಸದ್ದಿಗೆ ಹೆಸರಿಡುವ ಹಾಗಿಲ್ಲ.

ರಿಪೇರಿ ಮಾಡಿಸಿದವರಿಗೆ ಒಂದು ಕೆಲಸ ಬಾಕಿ ಇದೆ. ವಾಚ್ ರಿಪೇರಿಯವರು ಹಿಂದಿನ ಮುಚ್ಚಳದ ಒಳಗೆ ಸೂಜಿಯಲ್ಲಿ ತಾರೀಖು ಗೀರುತ್ತಾರೆ, ಮುಂದೆ ತೆಗೆದವರಿಗೆ ಗೊತ್ತಾಗಲಿ ಅಂತ. ಅಪ್ಪ ವೂಫರನ್ನು ಪೆಟ್ಟಿಗೆಗೆ ಕೂರಿಸುವ ಮುಂಚೆ ಅದರ ಮ್ಯಾಗ್ನೆಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದರು: ಫೋಮ್ ಹೊಸದು, ತಿಂಗಳು, ವರ್ಷ. ವೈರು ಸರಿ ಮಾಡಿದ ಮೇಲೆ ಮತ್ತೆ ಬಿಚ್ಚಿ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರು, "ಬಲಗಡೆ ವೈರು ಉಲ್ಟಾ ಇತ್ತು."